ಬೇಸಿಗೆಯ ಕಾವೇರಿಯಲ್ಲಿ ರಾಗಿ ಉಂಡೆ: ನನ್ನ ಅನುಭವ

ಏಪ್ರಿಲ್ ಬಿಸಿಲಿನಲ್ಲಿ ರಾಗಿ ಉಂಡೆಗೆ ಗೆಂಡೆ ಮೀನು (ಕಾರ್ಪ್) ಬೀಳುವುದಿಲ್ಲ, ಎರೆಹುಳುವೇ ಗತಿ ಎಂದು ನಮ್ಮ ಗಾಳದ ಬಳಗದ ಹಿರಿಯರು ಬಹುಕಾಲ ವಾದಿಸಿದರು. ಶ್ರೀರಂಗಪಟ್ಟಣದ ಸಂಗಮದಿಂದ ಕೆಳಗೆ, ಕಳೆದ ಬೇಸಿಗೆಯಲ್ಲಿ ನಾಲ್ಕು ಕಿಲೋ ಆಸುಪಾಸಿನ ಗೆಂಡೆಗಳೂ ಒಂದು ತುಂಬು ರೋಹುವೂ ನನ್ನ ರಾಗಿಗೇ ಬಿದ್ದ ಮೇಲೆ ಆ ವಾದ ನಿಂತಿದೆ. (ರಂಗನತಿಟ್ಟು ಪಕ್ಷಿಧಾಮ, ಅತ್ತ ಗಾಳ ಒಯ್ಯುವಂತಿಲ್ಲ.)

ಎರೆಹುಳು ನೀರಿಗಿಳಿದ ಕೂಡಲೇ ಜಿಲೇಬಿ ಮೀನಿನ (ತಿಲಾಪಿಯಾ) ಮರಿಗಳ ಪಾಲಾಗುತ್ತದೆ. ಮೈದಾ ಹಿಟ್ಟು ಬೆಚ್ಚಗಿನ ನೀರಿನಲ್ಲಿ ಬೇಗ ಕರಗುತ್ತದೆ. ಹೊರದೇಶದ ಬಾಯ್ಲಿಗೆ (ಬೇಯಿಸಿ ಗಟ್ಟಿ ಮಾಡಿದ ಎರೆಯುಂಡೆ) ಪೊಟ್ಟಣವೊಂದಕ್ಕೆ ಸಾವಿರದ ಹತ್ತಿರ ಸುರಿದೆ. ಮೀನು ಮೂಸಿಯೂ ನೋಡಲಿಲ್ಲ. ಬರಿಯ ರಾಗಿ ಉಂಡೆಯಾದರೂ ಬೀಸಿದ ರಭಸಕ್ಕೇ ಒಡೆಯುತ್ತಿತ್ತು, ಏಕೆಂದರೆ ಗೋಧಿಗಿರುವ ಅಂಟು ರಾಗಿಗಿಲ್ಲ. ಕೊನೆಗೆ ಮೂರು ಪಾಲು ರಾಗಿಗೆ ಸುಮಾರು ಒಂದು ಪಾಲು ಗೋಧಿ ಹಿಟ್ಟು, ಕಾಲು ಪಾಲು ಕಡಲೆಕಾಯಿ ಹಿಂಡಿ ಮತ್ತು ಒಂದು ಮೊಟ್ಟೆ ಸೇರಿಸಿ ನಾದಿ, ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿ, ಕುದಿವ ನೀರಿನಲ್ಲಿ ಗಟ್ಟಿಯಾಗುವವರೆಗೆ ಬೇಯಿಸಿ, ಒಂದು ದಿನ ನೆರಳಿನಲ್ಲಿ ಒಣಗಿಸಿದೆ. ಹೇರ್ ರಿಗ್‌ನಲ್ಲಿ (ಕೊಕ್ಕೆಗೆ ಚುಚ್ಚದೆ, ಅದಕ್ಕೆ ಕಟ್ಟಿದ ಸಣ್ಣ ಎಳೆಗೆ ಎರೆ ಪೋಣಿಸುವ ಕಟ್ಟು) ಅದು ಗಂಟೆಗಟ್ಟಲೆ ನಿಲ್ಲುತ್ತದೆ, ಜಿಲೇಬಿ ಕುಟುಕಿದರೂ ಸವೆಯುವುದಿಲ್ಲ. ಬೇಯಿಸುವ ನೀರಿಗೆ ಬೆಲ್ಲ, ಸೋಂಪು ಹಾಕುತ್ತೇನೆ. ಮೂರನೆಯದೊಂದು ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂದು ದಿನದ ಉಂಡೆಗೆ ಎಲ್ಲ ಸೇರಿ ಐವತ್ತು ರೂಪಾಯಿ ದಾಟದು.

ಎರೆಯಷ್ಟೇ ಮುಖ್ಯವಾದದ್ದು ಜಾಗ. ಕನ್ನಂಬಾಡಿಯಿಂದ ಬಿಡುವ ನೀರು ತಗ್ಗಿದಾಗ ನಿಂತ ಮಡುಗಳು ಕಾದು, ಅವುಗಳಲ್ಲಿ ಆಮ್ಲಜನಕ ಇಳಿಯುತ್ತದೆ. ಆದರೂ ನಮ್ಮವರು ಆಳ ಕಂಡಲ್ಲೇ ಗಾಳ ಬಿಟ್ಟು ಮಧ್ಯಾಹ್ನದವರೆಗೆ ಕೂರುತ್ತಾರೆ. ಹಳೆಯ ಕಟ್ಟೆಗಳಿಂದ ನೀರು ಧುಮುಕಿ ಬಂಡೆಗಳ ನಡುವೆ ಹರಿಯುವಲ್ಲಿ, ಸೆಳೆತ ಮುಗಿದು ನೀರು ನಿಧಾನವಾಗುವ ಅಂಚಿಗೆ, ನಾನು ಬೆಳಕು ಹರಿಯುವ ಮೊದಲೇ ಎಸೆಯುತ್ತೇನೆ, ಒಂಬತ್ತಕ್ಕೆ ಎದ್ದು ಬರುತ್ತೇನೆ. ಸೆಳೆಯಲು ಚೆಲ್ಲುವ ತೌಡು ಎರಡು ಹಿಡಿ ಸಾಕು. ಬುಟ್ಟಿಗಟ್ಟಲೆ ಸುರಿದರೆ ಪುಡಿಮೀನು ಮುತ್ತುತ್ತದೆ, ಉಳಿದದ್ದು ಕೊಳೆತು ನೀರು ಹುಳಿಯುತ್ತದೆ.

ನಡುವೆ ದಡದ ಮರದಿಂದ ಬಿದ್ದ ಅತ್ತಿಹಣ್ಣನ್ನೂ ಪೋಣಿಸಿ ನೋಡಿದೆ. ಮರದ ಕೆಳಗೇ ಎಸೆದಾಗ ಎರಡು ಒಳ್ಳೆಯ ಎಳೆತ ಸಿಕ್ಕವು, ಹತ್ತು ಮಾರು ಆಚೆ ಒಂದೂ ಇಲ್ಲ. ಈ ಮೇ ಕೊನೆಗೆ ನೇರಳೆಹಣ್ಣಿನಿಂದ ಅದನ್ನೇ ಮಾಡಿ ನೋಡುವವನಿದ್ದೇನೆ, ಆದರೆ ಎರಡನೇ ಗಾಳದಲ್ಲಿ ರಾಗಿ ಇದ್ದೇ ಇರುತ್ತದೆ.