ಕಾಲೇಜು–ಕಂಪನಿ ಜೊತೆ ಸೇರಿ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕುವುದು ಹೇಗೆ?

ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನ ಯಾವ ತೋಟಕ್ಕೆ ಹೋದರೂ ಕಣದ ತುಂಬ ಕಾಫಿ. ಮೋಡ ಕಂಡರೆ ಸಾಕು, ಎಲ್ಲರೂ ಟಾರ್ಪಾಲ್ ಹಿಡಿದು ಓಡುತ್ತಾರೆ. ಇದಕ್ಕೊಂದು ಒಳ್ಳೆಯ ಡ್ರೈಯರ್ ಮಾಡೋಣ ಅಂತ ಹೊರಟ ವರ್ಕ್‌ಶಾಪಿನವರನ್ನೂ, ಅವರ ಜೊತೆ ನಿಂತ ಕಾಲೇಜು ಮೇಷ್ಟ್ರನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಐಡಿಯಾ ಗಟ್ಟಿಯಾಗಿರುತ್ತದೆ, ಅರ್ಜಿ ಮಾತ್ರ ವಾಪಸ್ ಬರುತ್ತದೆ. ಬಹಳ ಸಲ ಕಾರಣ ಒಂದೇ. ಬ್ಯಾಂಕ್ ಸಾಲಕ್ಕೆ ಬರೆಯುವ ಹಾಗೆ ಬರೆದಿರುತ್ತಾರೆ.

ಮೊದಲು ಸರಿಯಾದ ಯೋಜನೆ ಹುಡುಕಿ. ಮಾದರಿ ಯಂತ್ರ ಮಾಡುವ ಹಂತದಲ್ಲಿದ್ದರೆ ಕೇಂದ್ರದ ನಿಧಿ–ಪ್ರಯಾಸ್ ಇದೆ, 10 ಲಕ್ಷದವರೆಗೆ ಸಿಗುತ್ತದೆ. ಜೈವಿಕ ತಂತ್ರಜ್ಞಾನದ ಕೆಲಸವಾದರೆ ಆ ಕ್ಷೇತ್ರಕ್ಕೆಂದೇ ಇರುವ ಕೇಂದ್ರದ ಸಂಸ್ಥೆ ಬೈರಾಕ್‌ನ 'ಬಿಗ್' ಅನುದಾನ, 18 ತಿಂಗಳಿಗೆ 50 ಲಕ್ಷದವರೆಗೆ. ಸ್ಟಾರ್ಟಪ್‌ಗಳಿಗೆ ರಾಜ್ಯ ಸರ್ಕಾರದ 'ಎಲಿವೇಟ್' ಇದೆ, ಅದೂ 50 ಲಕ್ಷದವರೆಗೆ. ಕೇಂದ್ರದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಕೊಡುವುದು ಮುಖ್ಯವಾಗಿ ಸಾಲ. ಯೋಜನೆಯ ವೆಚ್ಚದ ಅರ್ಧದವರೆಗೆ, ಶೇ 5ರ ಸರಳ ಬಡ್ಡಿಗೆ. ಯಂತ್ರ ಕೆಲಸ ಮಾಡುತ್ತದೆ ಅಂತ ಸಾಬೀತಾದ ಮೇಲೆ ಮಾತ್ರ ಅತ್ತ ಹೋಗಿ.

ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ), ಸ್ಟಾರ್ಟಪ್ ಇಂಡಿಯಾ ಮಾನ್ಯತೆ ಎರಡಕ್ಕೂ ಅರ್ಜಿ ಹಾಕುವುದು ಒಂದೆರಡು ಸಲ ಕೂತರೆ ಮುಗಿಯುವ ಕೆಲಸ. ಉದ್ಯಮ್ ಪೂರ್ತಿ ಉಚಿತ. ಸರ್ಕಾರಿ ಸೈಟಿನ ಹಾಗೇ ಕಾಣುವ ಖಾಸಗಿ ಸೈಟುಗಳು ಇದಕ್ಕೂ ಶುಲ್ಕ ಕೇಳುತ್ತವೆ, ಕೊಡಬೇಡಿ.

ಆಮೇಲೆ ಜೊತೆಗಾರರು. ಹಾಸನದವರಿಗೆ ಮಲೆನಾಡು ಇಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನವರಿಗೆ ಆದಿಚುಂಚನಗಿರಿ ತಾಂತ್ರಿಕ ಕಾಲೇಜು ಹತ್ತಿರ. ಕಾಫಿಯ ವಿಷಯವಾದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗದೆ ಅರ್ಜಿ ಬರೆಯಲೇಬೇಡಿ. 1925ರಿಂದ ಅಲ್ಲಿ ಇದೇ ಕೆಲಸ ನಡೆಯುತ್ತಿದೆ. ನೀವು ಹೊಸದು ಅಂದುಕೊಂಡಿದ್ದನ್ನು ಅವರು ಆಗಲೇ ಮಾಡಿ ನೋಡಿರಬಹುದು. ಯಾರ ಜೊತೆ ಸೇರಿದರೂ ಪೇಟೆಂಟ್ ಯಾರ ಹೆಸರಿಗೆ, ಖರ್ಚು ಯಾರದು ಅನ್ನುವುದನ್ನು ಅರ್ಜಿಗೆ ಮೊದಲೇ ಕಾಗದದಲ್ಲಿ ಬರೆದು ಸಹಿ ಮಾಡಿಸಿ. ಪೇಟೆಂಟ್ ಅರ್ಜಿ ಹಾಕುವ ಮುಂಚೆ ವಿದ್ಯಾರ್ಥಿಯೊಬ್ಬ ಪೇಪರ್ ಪ್ರಕಟಿಸಿಬಿಟ್ಟರೆ ಹಕ್ಕೇ ಕೈತಪ್ಪಬಹುದು.

ಈಗ ಎಲ್ಲರೂ ಎಡವುವ ಜಾಗ. ಗುರಿ ಮತ್ತು ಕಂತು. ಅನುದಾನ ಒಂದೇ ಸಲ ಬರುವುದಿಲ್ಲ, ಗುರಿ ಮುಟ್ಟಿದ ಹಾಗೆ ಕಂತಿನಲ್ಲಿ ಬರುತ್ತದೆ.

ಬ್ಯಾಂಕಿನವರು ಕೇಳುವುದು 'ಹಣ ವಾಪಸ್ ಬರುತ್ತಾ?' ಅಂತ. ಅನುದಾನ ಸಮಿತಿ ಕೇಳುವುದೇ ಬೇರೆ. 'ಇದರಲ್ಲಿ ಇನ್ನೂ ಗೊತ್ತಿಲ್ಲದ್ದು ಏನು? ಅದನ್ನು ಹೇಗೆ ತಿಳಿದುಕೊಳ್ಳುತ್ತೀರಿ?' ನಾನು ನೋಡಿದ ಒಂದು ಅರ್ಜಿಯ ಮೊದಲ ಗುರಿ ಹೀಗಿತ್ತು: 'ರೈತರ ಆದಾಯ ಹೆಚ್ಚಿಸುವುದು'. ಎರಡನೆಯದು: 'ಯಂತ್ರ ಖರೀದಿ'. ಇವೆರಡರಲ್ಲೂ ಅಳೆದು ನೋಡಲು ಏನೂ ಇಲ್ಲ. ಕೂತು ತಿದ್ದಿದೆವು. 'ತೊಳೆದ 50 ಕೆಜಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ, ಒಳಪೊರೆ ಇರುವ ಕಾಫಿ ಬೀಜ). ಬೀಜದ ಬಿಸಿ 40 ಡಿಗ್ರಿ ದಾಟಬಾರದು. ತೇವಾಂಶ ಶೇ 10ಕ್ಕೆ ಇಳಿಯಬೇಕು. ಎಷ್ಟು ಗಂಟೆ, ಎಷ್ಟು ಸೌದೆ ಅಂತ ದಾಖಲೆ. ಅದೇ ಲಾಟಿನ ಇನ್ನೊಂದು ಪಾಲು ಕಣದಲ್ಲಿ ಒಣಗಬೇಕು. ಎರಡರ ರುಚಿಯನ್ನೂ ಹೆಸರು ಹೇಳದೆ ಪರೀಕ್ಷೆ ಮಾಡಿಸಬೇಕು.' ಈಗ ಸಮಿತಿಯವರು ಹೌದು, ಇಲ್ಲ ಅಂತ ಹೇಳಬಹುದು. ಮುಂದಿನ ಕಂತು ಬರುವುದೂ ಈ ಹೌದಿನ ಮೇಲೇ.

ಗುರಿಯ ಪಕ್ಕ ತಿಂಗಳು ಬರೆಯುವಾಗ ಕೊಯ್ಲಿನ ಕ್ಯಾಲೆಂಡರ್ ಮುಂದೆ ಇಟ್ಟುಕೊಳ್ಳಿ. 'ಮೂರನೇ ತಿಂಗಳು ಪ್ರಯೋಗ' ಅಂತ ಸುಮ್ನೆ ಬರೆದು, ಅದು ಜುಲೈಗೆ ಬಂದರೆ ಗಿಡದಲ್ಲಿ ಇರುವುದು ಹಸಿರು ಕಾಯಿ. ಆಗ ಏನನ್ನು ಒಣಗಿಸುತ್ತೀರಿ? 18 ತಿಂಗಳ ಯೋಜನೆ ಏಪ್ರಿಲ್‌ನಲ್ಲಿ ಶುರುವಾದರೆ ಸಿಗುವುದು ಒಂದೇ ಕೊಯ್ಲು. ಹಾಗಾಗಿ ಅಕ್ಟೋಬರ್ ಒಳಗೆ ಯಂತ್ರ ಸಿದ್ಧವಾಗಿ ಕಣದ ಪಕ್ಕ ನಿಂತಿರಬೇಕು. ಅರೇಬಿಕಾ ತಪ್ಪಿದರೆ ರೊಬಸ್ಟಾದಲ್ಲಿ ಮಾಡುತ್ತೇವೆ ಅಂತ ಇನ್ನೊಂದು ದಾರಿಯನ್ನೂ ಅರ್ಜಿಯಲ್ಲೇ ಬರೆದಿಡಿ. ಹಾಸನದ ಆಲೂಗಡ್ಡೆಯವರಿಗೂ ಇದೇ ಮಾತು. ಅಂಗಮಾರಿ ರೋಗದ ಮೇಲಿನ ಪ್ರಯೋಗ ಮುಂಗಾರಿನಲ್ಲೇ ಆಗಬೇಕು ಅಲ್ವಾ?

'ಮಂಜೂರು ಮಾಡಿಸಿಕೊಡ್ತೀವಿ, ಇಷ್ಟು ಪರ್ಸೆಂಟ್ ಕೊಡಿ' ಅನ್ನುವವರು ಇದೇ ಹಂತದಲ್ಲಿ ಬರುತ್ತಾರೆ. ಅವರ ಹತ್ತಿರ ಇರುವುದು ಹೆಸರು ಬದಲಿಸಿದ ಹಳೇ ಪ್ರಾಜೆಕ್ಟ್ ರಿಪೋರ್ಟ್. ಸಮಿತಿಯ ಮುಂದೆ ನಿಂತು ಉತ್ತರ ಕೊಡಬೇಕಾದವರು ನೀವು, ಬರೆಯುವವರೂ ನೀವೇ ಆಗಿರಿ.

ಬಜೆಟ್‌ಗೆ ದೊಡ್ಡ ಸಾಮಾನಿಗೆಲ್ಲ ಮೂರು ಕೊಟೇಷನ್ ಸಾಕು. ಮಂಜೂರಾತಿ ಪತ್ರ ಕೈಗೆ ಬರುವ ಮುಂಚೆ ಏನನ್ನೂ ಕೊಳ್ಳಬೇಡಿ. ಹಳೇ ತಾರೀಖಿನ ಬಿಲ್ಲು ಲೆಕ್ಕಕ್ಕೆ ಬರುವುದಿಲ್ಲ.

ಹಣ ಬಂದ ಮೇಲೆ ಅದಕ್ಕೇ ಒಂದು ಬೇರೆ ಖಾತೆ ಇಡಿ. ಕೇಂದ್ರದ ಅನುದಾನಕ್ಕೆ ಬಂದ ಬಡ್ಡಿಯೂ ಸರ್ಕಾರದ್ದೇ, ಅದನ್ನು ತಿರುಗಿ ಕಟ್ಟಬೇಕು. ವರ್ಷ ಮುಗಿದ ಮೇಲೆ ಜಿಎಫ್‌ಆರ್ (ಕೇಂದ್ರದ ಹಣಕಾಸು ನಿಯಮಾವಳಿ) 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ, ಅಂದರೆ ಹಣ ಯಾವುದಕ್ಕೆ ಖರ್ಚಾಯಿತು ಅನ್ನುವ ಲೆಕ್ಕ, ಕಳಿಸಬೇಕು. ಆಡಿಟರ್ ಹತ್ತಿರ ಮಾರ್ಚ್ 31ರಂದು ಓಡುವ ಬದಲು ಪ್ರತಿ ಶನಿವಾರ ಬಿಲ್ಲುಗಳನ್ನು ಫೈಲಿಗೆ ಹಾಕಿ. ಥರ್ಮಲ್ ಕಾಗದದ ಬಿಲ್ಲನ್ನು ಅವತ್ತೇ ಜೆರಾಕ್ಸ್ ಮಾಡಿಸಿ. ನಮ್ಮ ಮಳೆಗಾಲದ ಥಂಡಿಗೆ ಅದರ ಅಕ್ಷರ ಆರು ತಿಂಗಳೂ ನಿಲ್ಲುವುದಿಲ್ಲ.