ಪೋಸ್ಟ್‌ಡಾಕ್ ಸಂಶೋಧನೆ ಊರು ತಲುಪುವುದು ಹೇಗೆ?

ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿದಮೇಲಿನ ಸಂಶೋಧನಾ ಕೆಲಸ, ಸಾಮಾನ್ಯವಾಗಿ ಎರಡು ವರ್ಷ. ಮೊದಲನೆಯದು ಪೇಪರ್ ಬರೆಯುವುದರಲ್ಲಿ, ಎರಡನೆಯದು ಮುಂದಿನ ಕೆಲಸ ಹುಡುಕುವುದರಲ್ಲಿ ಕಳೆಯುತ್ತದೆ. ‘ಸಮಾಜಕ್ಕೆ ಏನು ಉಪಯೋಗ?’ ಅನ್ನುವುದು ಅರ್ಜಿಯ ಕೊನೆಯ ಪುಟದಲ್ಲೇ ಉಳಿದುಬಿಡುತ್ತದೆ. ಆ ಪುಟದಿಂದಲೇ ಶುರುಮಾಡಿದರೆ ಹೇಗೆ? ನೀರಿನ ಫ್ಲೋರೈಡ್ ಹೀರುವ ಪುಡಿಯೊಂದರ ಮೇಲೆ ನೀವು ಕೆಲಸ ಮಾಡುತ್ತಿದ್ದೀರಿ ಅಂದುಕೊಳ್ಳಿ. ಪಾವಗಡದ ಕಡೆ ಫ್ಲೋರೈಡ್ ಜಾಸ್ತಿಯಾಗಿ ಹಲ್ಲಿನ ಮೇಲೆ ಬರುವ ಕಂದು ಕಲೆ ನೋಡಿದವರಿಗೆ ಈ ತೊಂದರೆ ಏನೆಂದು ಹೇಳಬೇಕಿಲ್ಲ.

ಮೊದಲು ಬರಿಗೈಯಲ್ಲಿ ಹೋಗಿ

ಪುಡಿ ತಯಾರಾಗುವವರೆಗೆ ಕಾಯಬೇಡಿ. ಊರಿನ ಶುದ್ಧ ನೀರಿನ ಘಟಕದ ಮುಂದೆ ಬೆಳಿಗ್ಗೆ ಒಂದು ಗಂಟೆ ಸುಮ್ನೆ ನಿಲ್ಲಿ. ಕಾಯಿನ್ ಹಾಕಿ ಕ್ಯಾನ್ ತುಂಬಿಸುವವರು ಯಾರು? ಮಷೀನ್ ಕೆಟ್ಟರೆ ಯಾರಿಗೆ ಫೋನ್ ಮಾಡುತ್ತಾರೆ? ಅಡುಗೆಗೂ ಇದೇ ನೀರಾ? ಕುಡಿಯಲು ಕ್ಯಾನ್ ನೀರು, ಸಾರು ಮಾಡಲು ನಲ್ಲಿ ನೀರು ಅಂದರೆ ಫ್ಲೋರೈಡ್ ಇನ್ನೂ ಹೊಟ್ಟೆಗೆ ಹೋಗುತ್ತಲೇ ಇದೆ. ಕುದಿಸಿದರೆ ಅದು ಹೋಗುವುದಿಲ್ಲ. ಇದೊಂದು ಉತ್ತರಕ್ಕೇ ನಿಮ್ಮ ಫಿಲ್ಟರ್ ಎಷ್ಟು ದೊಡ್ಡದಿರಬೇಕು ಅನ್ನುವುದು ಬದಲಾಗಿಬಿಡಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಅನ್ನುವ ವಿಭಾಗ ಶುರುಮಾಡಿದ ಅಮೂಲ್ಯ ರೆಡ್ಡಿ ಓದಿಕೊಂಡಿದ್ದು ಎಲೆಕ್ಟ್ರೋಕೆಮಿಸ್ಟ್ರಿ. ಆದರೆ ಅವರ ತಂಡ ತುಮಕೂರು ಜಿಲ್ಲೆಯ ಉಂಗ್ರದ ಸುತ್ತಮುತ್ತ ಹಳ್ಳಿಗಳಲ್ಲಿ ಯಾವುದಕ್ಕೆ ಎಷ್ಟು ಇಂಧನ ಬೇಕು ಅಂತ ಲೆಕ್ಕ ಹಾಕಿತು. ಬಹುಪಾಲು ಸೌದೆಯೇ, ಅದೂ ಅಡುಗೆಗೆ. ಕಡಿಮೆ ಸೌದೆ ಸಾಕಾಗುವ ಅಸ್ತ್ರ ಒಲೆಗೆ ಅರ್ಥ ಬಂದಿದ್ದು ಅಲ್ಲಿಂದ.

ವಾಪಸ್ ಬರುವಾಗ ನೀರು ತನ್ನಿ

ಲ್ಯಾಬಿನಲ್ಲಿ ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ ಪರೀಕ್ಷಿಸುತ್ತೇವೆ. ಗ್ರಾಫ್ ಚೆಂದ ಬರುತ್ತದೆ. ಬೋರ್‌ವೆಲ್ ನೀರು ಹಾಗಲ್ಲ. ಕೊಡದ ಒಳಗೆ ಬಿಳಿ ಪದರ ಕಟ್ಟುವ ನೀರು ಅದು. ಅದರ ಬೈಕಾರ್ಬನೇಟ್ ಪುಡಿಯ ಮೇಲಿನ ಜಾಗಕ್ಕೆ ಫ್ಲೋರೈಡ್ ಜೊತೆ ಪೈಪೋಟಿ ಮಾಡುತ್ತದೆ, ಪಿಎಚ್ ಕೂಡ ಜಾಸ್ತಿ, ಅಂದರೆ ನೀರು ಕ್ಷಾರೀಯ. ಅಲ್ಯೂಮಿನಾದಂಥ ಪುಡಿಗಳು ಇಲ್ಲಿಯೇ ಸುಸ್ತಾಗುವುದು. ಹಾಗಾಗಿ ಮೊದಲ ತಿಂಗಳೇ ಊರಿನ ನೀರಲ್ಲಿ ಪರೀಕ್ಷಿಸಿ. ಕುಡಿಯುವ ನೀರಿನ ಫ್ಲೋರೈಡ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 1.5. ಎಷ್ಟು ಲೀಟರ್ ಸೋಸಿದಮೇಲೆ ಫ್ಲೋರೈಡ್ ಈ ಗೆರೆ ದಾಟುತ್ತದೆ ಅಂತ ಬರೆದಿಡಿ. ಊರವರು ಕೇಳುವುದು ಅದನ್ನೇ.

ಪೇಪರಿಗಿಂತ ಮುಂಚೆ ಪೇಟೆಂಟ್

ಪೇಟೆಂಟ್ ಬೇಕು ಅನ್ನಿಸಿದರೆ ಮಾತ್ರ. ಪೇಪರ್ ಮೊದಲು ಅಚ್ಚಾದರೆ ‘ಹೊಸದು’ ಅನ್ನುವ ವಾದ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ತಾತ್ಕಾಲಿಕ ಅರ್ಜಿ ಹಾಕಿಟ್ಟರೆ ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಹಕ್ಕು ನಿಮ್ಮದೋ ಸಂಸ್ಥೆಯದೋ, ಮೊದಲೇ ಕೇಳಿಕೊಳ್ಳಿ.

ನೀವು ಹೋದಮೇಲೆ ಯಾರು?

ನನ್ನ ಪ್ರಕಾರ ಹೆಚ್ಚಿನ ಯೋಜನೆಗಳು ಸೋಲುವುದು ಇಲ್ಲೇ. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ (NEERI) ಫ್ಲೋರೈಡ್ ತೆಗೆಯಲು ರೂಪಿಸಿದ ನಳಗೊಂಡ ವಿಧಾನಕ್ಕೆ ಪಟಿಕ, ಸುಣ್ಣ ಸಾಕು. ಆದರೂ ದಿನಾ ಅಳೆದು ಹಾಕಬೇಕು, ಕಲಕಬೇಕು, ತಳದ ಕೆಸರು ತೆಗೆಯಬೇಕು. ನಿಮ್ಮ ಪುಡಿಯನ್ನು ಮತ್ತೆ ಬಳಸಲು ತೊಳೆಯಬೇಕಾಗಿ, ಅದಕ್ಕೆ ಕಾಸ್ಟಿಕ್ ಸೋಡಾ ಬೇಕಾದರೆ ಅದನ್ನು ಮುಟ್ಟುವವರು ಯಾರು, ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಚರಂಡಿಗೆ ಬಿಟ್ಟರೆ ಮತ್ತೆ ನೆಲಕ್ಕೇ ಅಲ್ವಾ? ಪಂಚಾಯಿತಿ ಪಿಡಿಒ, ಮಹಿಳಾ ಸಂಘದವರು, ವಾಟರ್‌ಮನ್ ಮೂವರನ್ನೂ ಒಟ್ಟಿಗೆ ಕೂರಿಸಿ ಖರ್ಚು ಯಾರದು ಅಂತ ಮಾತಾಡಿ. ವಾಟರ್‌ಮನ್‌ನನ್ನು ಮಾತ್ರ ಬಿಡಬೇಡಿ.

ನೀರು ಕೊಟ್ಟವರಿಗೆ ಲೆಕ್ಕ ಕೊಡಿ

‘ಪಿಪಿಎಂ’ (ಹತ್ತು ಲಕ್ಷದಲ್ಲಿ ಒಂದು ಭಾಗ) ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಜಿರ್ಕೋನಿಯಂ ಬೆರೆಸಿದ ಕೆಂಪು ಬಣ್ಣದ ದ್ರಾವಣ ತಗೊಂಡು ಹೋಗಿ. ಅವರ ಮನೆಯ ನೀರಿಗೇ ಹಾಕಿ. ಕೆಂಪು ಎಷ್ಟು ಮಾಸುತ್ತದೋ ಅಷ್ಟು ಫ್ಲೋರೈಡ್. ಪಕ್ಕದಲ್ಲಿ ಮಳೆನೀರಿನ ಲೋಟ ಇಡಿ, ಅದರಲ್ಲಿ ಕೆಂಪು ಹಾಗೇ ಉಳಿಯುತ್ತದೆ. ಪಕ್ಕದ ಮನೆಯವರು ತಾವೇ ಚೊಂಬು ಹಿಡಿದು ಬರುತ್ತಾರೆ: “ನಮ್ದೂ ಒಂದ್ ನೋಡಿ ಸಾರ್.”