ಕೊಡಗಿನ ಜೇನಿನಲ್ಲಿ, ಕಾಫಿಯಲ್ಲಿ ಸೀಸಿಯಂ-137: ನೆಲದಾಳದಲ್ಲಿ ಅಳೆಯುವ ಬಗೆ

1950 ಮತ್ತು 60ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳಿಂದ ಜಗತ್ತಿನ ಎಲ್ಲೆಡೆ ಉದುರಿದ ವಿಕಿರಣಶೀಲ ವಸ್ತು ಸೀಸಿಯಂ-137ರ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) ಸುಮಾರು 30 ವರ್ಷವಾದ್ದರಿಂದ, ಕೊಡಗಿನ ಜೇನಿನಲ್ಲೋ ಕಾಫಿಯಲ್ಲೋ ಅದರ ಸುಳಿವು ಉಳಿದಿದೆಯೇ ಎಂದು ಇಂದಿಗೂ ಪರೀಕ್ಷಿಸಬಹುದು. ಇಷ್ಟು ಕ್ಷೀಣವಾದ ವಿಕಿರಣವನ್ನು ಅಳೆಯಲು ಆಕಾಶದಿಂದ ಬರುವ ಮ್ಯೂಆನ್ ಕಣಗಳೇ ದೊಡ್ಡ ಅಡ್ಡಿ. ಇಟಲಿಯ ನೆಲದಡಿಯ ಗ್ರಾನ್ ಸಾಸ್ಸೊ ಪ್ರಯೋಗಾಲಯದ ಮೇಲಿರುವ 1400 ಮೀಟರ್ ಬಂಡೆ ಅವುಗಳನ್ನು ಸುಮಾರು ಹತ್ತು ಲಕ್ಷ ಪಟ್ಟು ತಗ್ಗಿಸುತ್ತದೆ.

ಆದರೆ ಮಾದರಿಯೊಳಗಿನ ಗದ್ದಲವನ್ನು ಯಾವ ಬಂಡೆಯೂ ತಡೆಯದು. ಹುರಿದ ಕಾಫಿಯಲ್ಲಿ ಪೊಟ್ಯಾಸಿಯಂ ಶೇಕಡಾ 2ರ ಆಸುಪಾಸಿನಲ್ಲಿರುತ್ತದೆ. ಒಂದು ಗ್ರಾಂ ಪೊಟ್ಯಾಸಿಯಂನ ವಿಕಿರಣ ಸುಮಾರು 31 ಬೆಕೆರೆಲ್ (ಸೆಕೆಂಡಿಗೆ ಇಷ್ಟು ಪರಮಾಣು ಕ್ಷಯ ಎಂಬ ಮಾನ) ಆದ್ದರಿಂದ ಕಿಲೋ ಕಾಫಿಯಲ್ಲಿ ಅದು 600ರ ಹತ್ತಿರ ಬರುತ್ತದೆ. ಅದರ ವಿಕಿರಣಶೀಲ ರೂಪವಾದ ಪೊಟ್ಯಾಸಿಯಂ-40 ಹೊಮ್ಮಿಸುವ 1461 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಶಕ್ತಿಯ ಗಾಮಾ ಕಿರಣಗಳು ಶೋಧಕದಲ್ಲಿ (ಕಿರಣಗಳನ್ನು ಎಣಿಸುವ ಉಪಕರಣದಲ್ಲಿ) ಚದುರಿ, ಸೀಸಿಯಂ ಕಾಣಿಸಬೇಕಾದ 662ರ ಸ್ಥಾನದಲ್ಲಿ ಹಿನ್ನೆಲೆಯನ್ನು ಎತ್ತರಿಸುತ್ತವೆ. ಕಾಫಿಯನ್ನು ಸುಟ್ಟು ಬೂದಿ ಮಾಡಿದರೆ ಸೀಸಿಯಂ ಜೊತೆಗೆ ಪೊಟ್ಯಾಸಿಯಮ್ಮೂ ಸಾಂದ್ರವಾಗುತ್ತದೆ. ಆದ್ದರಿಂದ ಪೊಟ್ಯಾಸಿಯಂ ಬಹಳ ಕಡಿಮೆಯಿರುವ ಜೇನಿನಿಂದ ಆರಂಭಿಸುವುದು ಜಾಣತನ.

ಜೇನನ್ನು ಸೋಸಿ, ತೂಗಿ, ಶೋಧಕವನ್ನು ಸುತ್ತುವರಿಯುವ ಮರಿನೆಲ್ಲಿ ಪಾತ್ರೆಯಲ್ಲಿ ಗುರುತಿನವರೆಗೆ ತುಂಬಿ ಮುಚ್ಚಬೇಕು. ಶೋಧಕದ ದಕ್ಷತೆಯನ್ನು (ಹೊಮ್ಮಿದ ಕಿರಣಗಳಲ್ಲಿ ಅದು ಎಣಿಸುವ ಪಾಲನ್ನು) ನಿರ್ಧರಿಸಲು ಬಳಸಿದ ಪ್ರಮಾಣಿತ ಮಾದರಿಯೂ ಅದೇ ಆಕಾರದಲ್ಲಿ, ಅದೇ ಮಟ್ಟದಲ್ಲಿ ಇರತಕ್ಕದ್ದು. ರೇಡಿಯಂ ಅಳತೆಯೂ ಬೇಕಿದ್ದರೆ ಮಾತ್ರ, ಅದರಿಂದ ಹುಟ್ಟುವ ವಿಕಿರಣಶೀಲ ಅನಿಲ ರೇಡಾನ್ ಸಮತೋಲನಕ್ಕೆ ಬರಲು ಮೂರು ನಾಲ್ಕು ವಾರ ಗಾಳಿಯಾಡದಂತೆ ಮುಚ್ಚಿಡಬೇಕು.

ಶೋಧಕದ ಜರ್ಮೇನಿಯಂ ಹರಳನ್ನು ದ್ರವ ಸಾರಜನಕದಿಂದ ತಂಪಾಗಿಡುತ್ತಾರೆ. ಸುತ್ತ ಸೀಸದ ಗೋಡೆ, ಅದರೊಳಗೆ ತಾಮ್ರದ ಪದರ. ಹೊಸ ಸೀಸದಲ್ಲಿ 22 ವರ್ಷ ಅರ್ಧಾಯುವಿನ ಸೀಸ-210 ಇರುವುದರಿಂದ ಒಳಭಾಗಕ್ಕೆ ಹಳೆಯ ಸೀಸವೇ ಉತ್ತಮ. ಆವಿಯಾದ ಸಾರಜನಕವನ್ನು ಈ ಕವಚದೊಳಗೆ ಹಾಯಿಸಿ ರೇಡಾನನ್ನು ಹೊರದಬ್ಬಬೇಕು. ನೆಲದಾಳದ ಗಾಳಿಯಲ್ಲಿ ರೇಡಾನ್ ಹೊರಗಿನ ಗಾಳಿಗಿಂತ ಸಾಮಾನ್ಯವಾಗಿ ಹೆಚ್ಚು.

ಮೊದಲು ಖಾಲಿ ಪಾತ್ರೆಯನ್ನು, ನಂತರ ಮಾದರಿಯನ್ನು ಹಲವು ದಿನ, ಅಗತ್ಯವಿದ್ದರೆ ವಾರಗಟ್ಟಲೆ ಎಣಿಸಿರಿ. ಸೀಸಿಯಂನ 662ರ ಪಕ್ಕದಲ್ಲೇ, 665.5ರಲ್ಲಿ, ರೇಡಾನಿನಿಂದ ಹುಟ್ಟುವ ಬಿಸ್ಮತ್-214ರ ಸಣ್ಣ ಶಿಖರವೊಂದಿದೆ (ಶಿಖರವೆಂದರೆ ಒಂದು ಶಕ್ತಿಯಲ್ಲಿ ಎಣಿಕೆಯ ಏರು). ಅದನ್ನು ಸೀಸಿಯಂ ಎಂದು ಭಾವಿಸದಿರಲು 609ರಲ್ಲಿ ಬಿಸ್ಮತ್‌ನ ಮುಖ್ಯ ಶಿಖರವನ್ನೂ ನೋಡಬೇಕು. ಹಿನ್ನೆಲೆಯನ್ನು ಕಳೆದ ಎಣಿಕೆಯನ್ನು ದಕ್ಷತೆ, ಒಂದು ಕ್ಷಯದಲ್ಲಿ ಆ ಕಿರಣ ಹೊಮ್ಮುವ ಸಂಭವನೀಯತೆ (662ಕ್ಕೆ ಸುಮಾರು 0.85), ಎಣಿಸಿದ ಸೆಕೆಂಡುಗಳು ಮತ್ತು ಕಿಲೋ ತೂಕ, ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಕಿಲೋಗೆ ಇಷ್ಟು ಬೆಕೆರೆಲ್ ಎಂಬ ಉತ್ತರ ಸಿಗುತ್ತದೆ. ಶಿಖರ ಕಾಣದಿದ್ದಾಗ ಸೊನ್ನೆ ಎಂದು ಬರೆಯಬಾರದು. ಪತ್ತೆಯ ಮಿತಿಯನ್ನು ಲೆಕ್ಕಹಾಕಿ, ‘ಇದಕ್ಕಿಂತ ಕಡಿಮೆ’ ಎಂದು ಎಣಿಕೆಯ ಅವಧಿಯೊಂದಿಗೆ ನಮೂದಿಸಬೇಕು.